ಸಹಿ ಹಾಕುವ ಮುನ್ನ: ವೃತ್ತಿಧರ್ಮದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಇದು ಸರಿಯೋ ತಪ್ಪೋ’ ಎಂದು ಕೇಳುತ್ತಿಲ್ಲ. ತಪ್ಪು ಎಂದು ಬರೆದವರಿಗೆ ಗೊತ್ತಿದೆ. ಅದನ್ನು ಯಾರಿಗೆ, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕು ಎನ್ನುವುದೇ ಅವರ ತೊಡಕು. ಆದ್ದರಿಂದ ಉತ್ತರಗಳಲ್ಲಿ ಉಪದೇಶ ಕಡಿಮೆ, ಮಾಡಬೇಕಾದ ಕೆಲಸ ಜಾಸ್ತಿ.

ಪ್ರಶ್ನೆ: ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಹಣಕಾಸು ವರ್ಷ ಮುಗಿದು ಆರು ದಿನಗಳ ಮೇಲೆ ಹೊರಟ ಸರಕಿನ ಬಿಲ್ಲಿಗೆ ಹಳೆಯ ತಾರೀಖು ಹಾಕಿ ಎಂಟ್ರಿ ಮಾಡಲು ಮ್ಯಾನೇಜರ್ ಹೇಳುತ್ತಿದ್ದಾರೆ. ‘ಆರ್ಡರ್ ನಿಜ, ದುಡ್ಡೂ ಬಂದೇ ಬರುತ್ತೆ, ಇದರಲ್ಲಿ ಸುಳ್ಳೇನಿದೆ? ಇದೊಂದು ಸಲ ಮಾಡಿಬಿಡು’ ಅನ್ನುತ್ತಾರೆ. ಕೆಲಸ ಬಿಡುವ ಸ್ಥಿತಿಯಲ್ಲಿ ನಾನಿಲ್ಲ.

ಉತ್ತರ: ಆರ್ಡರ್ ನಿಜ, ದುಡ್ಡೂ ನಿಜ, ತಾರೀಖು ಮಾತ್ರ ಸುಳ್ಳು. ವಾರ್ಷಿಕ ಲೆಕ್ಕ ಎಂಬುದು ಇಂಥ ದಿನದಿಂದ ಇಂಥ ದಿನದವರೆಗೆ ಏನಾಯಿತು ಎಂಬ ಹೇಳಿಕೆ. ಅದರಲ್ಲಿ ತಾರೀಖು ಬದಲಾದರೆ ಹೇಳಿಕೆಯೇ ಬದಲಾದಂತೆ. ಅದನ್ನು ನಂಬಿ ಸಾಲ ಕೊಡುವ ಬ್ಯಾಂಕು, ಷೇರು ಕೊಳ್ಳುವವರು ಯಾರೂ ನಿಮ್ಮ ಕಚೇರಿಗೆ ಬಂದು ಗೋದಾಮಿನ ರಿಜಿಸ್ಟರ್ ನೋಡುವುದಿಲ್ಲ.

ವಾದಕ್ಕಿಳಿಯುವ ಮೊದಲು ಕಾಗದ ನೋಡಿ. ಸರಕಿನ ಮೇಲಿನ ಹಿಡಿತ ಕೊಳ್ಳುವವರಿಗೆ ದಾಟಿದ ದಿನವೇ ಮಾರಾಟದ ದಿನ. ಅದು ಗೋದಾಮಿನಿಂದ ಹೊರಟಾಗಲೋ ಅವರ ಬಾಗಿಲು ಮುಟ್ಟಿದಾಗಲೋ ಎಂಬುದು ಒಪ್ಪಂದದ ಷರತ್ತಿನಲ್ಲಿರುತ್ತದೆ. ಆರ್ಡರ್, ಗೋದಾಮಿನ ಹೊರಹೋದ ಸರಕಿನ ರಿಜಿಸ್ಟರ್, ಸಾಗಣೆದಾರರ ರಸೀದಿ, ತಲುಪಿದ್ದಕ್ಕೆ ಸಹಿ, ಈ ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಒಂದು ವಿನಾಯಿತಿಯೂ ಇದೆ. ಬಿಲ್ ಮಾಡಿ, ಸದ್ಯಕ್ಕೆ ಸರಕು ನಿಮ್ಮಲ್ಲೇ ಇರಲಿ ಎಂದು ಕೊಳ್ಳುವವರೇ ಕೇಳಿರಬೇಕು ಅಥವಾ ಹಾಗೆ ಇಟ್ಟುಕೊಳ್ಳಲು ಬೇರೆ ಗಟ್ಟಿ ಕಾರಣವಿರಬೇಕು. ಆ ಸರಕು ಅವರದ್ದೆಂದು ಬೇರೆಯಾಗಿ ಗುರುತಾಗಿರಬೇಕು, ಕೊಟ್ಟು ಕಳಿಸಲು ಸಿದ್ಧವಿರಬೇಕು, ನೀವು ಅದನ್ನು ಬೇರೆಯವರಿಗೆ ತಿರುಗಿಸುವಂತಿರಬಾರದು. ಇಷ್ಟೂ ಇದ್ದರೆ ಮ್ಯಾನೇಜರ್ ಹೇಳಿದ್ದು ಸರಿಯಾಗಿರಲೂಬಹುದು. ಇದನ್ನು ನೋಡದೆ ‘ನೀವು ಮೋಸ ಮಾಡಿಸ್ತಿದ್ದೀರಿ’ ಎಂದುಬಿಟ್ಟರೆ ನಿಮ್ಮ ಮಾತಿಗೆ ಮುಂದೆ ಬೆಲೆ ಇರುವುದಿಲ್ಲ.

ಕಾಗದದಲ್ಲಿ ಆಧಾರ ಸಿಗಲಿಲ್ಲ ಎಂದುಕೊಳ್ಳಿ. ಆಗ ಇಮೇಲ್ ಬರೆಯಿರಿ, ಆರೋಪವಾಗಿ ಅಲ್ಲ, ಅನುಮಾನ ಕೇಳುವಂತೆ: ‘ಈ ಬಿಲ್ಲಿನ ಸರಕು ಇಂಥ ತಾರೀಖು ಹೊರಟಿದೆ, ರಸೀದಿ ಲಗತ್ತಿಸಿದ್ದೇನೆ. ಇದನ್ನು ಹಿಂದಿನ ವರ್ಷಕ್ಕೆ ತೆಗೆದುಕೊಳ್ಳಲು ಯಾವ ಆಧಾರ ಎಂದು ತಿಳಿಸಿದರೆ ಫೈಲಿಗೆ ಸೇರಿಸಿ ಎಂಟ್ರಿ ಮಾಡುತ್ತೇನೆ.’ ಬಾಯಿಮಾತಲ್ಲಿ ಹೇಳಿಸುವವರು ಇದನ್ನೇ ಬರವಣಿಗೆಯಲ್ಲಿ ಹೇಳಲು ಹಿಂಜರಿಯುತ್ತಾರೆ. ಎಷ್ಟೋ ಸಲ ವಿಷಯ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಹಣಕಾಸು ಮುಖ್ಯಸ್ಥರು, ಆಮೇಲೆ ಆಂತರಿಕ ಲೆಕ್ಕಪರಿಶೋಧನೆ ಅಥವಾ ಆಡಿಟ್ ಸಮಿತಿ. ‘ನೀನು ಬೇಡ, ನಾನೇ ಹಾಕ್ತೀನಿ’ ಎಂದರೆ ಅವರ ಲಾಗಿನ್‌ನಲ್ಲೇ ಹಾಕಲಿ, ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಹೊರಗಿನ ಆಡಿಟರ್ ಕೇಳಿದಾಗ ಸುಳ್ಳು ಹೇಳಬೇಡಿ.

‘ಇದೊಂದು ಸಲ’ ಎಂಬ ಮಾತು ಯಾಕೆ ಉಳಿಯುವುದಿಲ್ಲ ಎಂಬುದಕ್ಕೆ ಸರಳ ಲೆಕ್ಕವಿದೆ. ಈ ವರ್ಷಕ್ಕೆ ಎಳೆದುಕೊಂಡ ಮಾರಾಟ ಬರುವ ವರ್ಷದಲ್ಲಿ ಕಡಿಮೆ ಬೀಳುತ್ತದೆ. ಆ ಹಳ್ಳ ತುಂಬಿ ಮೇಲೆ ಬೆಳವಣಿಗೆಯನ್ನೂ ತೋರಿಸಬೇಕೆಂದರೆ ಮುಂದಿನ ಸಲ ಇನ್ನೂ ದೊಡ್ಡದನ್ನು ಎಳೆಯಬೇಕು. ಅಮೆರಿಕದ ವರ್ಲ್ಡ್‌ಕಾಮ್ ಕಂಪನಿಯಲ್ಲಿ 2000ದ ಅಕ್ಟೋಬರಿನಲ್ಲಿ 82.8 ಕೋಟಿ ಡಾಲರ್ ವೆಚ್ಚವನ್ನು ಲೆಕ್ಕದಲ್ಲಿ ತಗ್ಗಿಸಿ ತೋರಿಸಲು ಮೇಲಿನಿಂದ ಸೂಚನೆ ಬಂತು. ಮಧ್ಯಮ ಹಂತದ ಅಕೌಂಟೆಂಟ್ ಬೆಟ್ಟಿ ವಿನ್ಸನ್ ಮೊದಲು ಒಪ್ಪಲಿಲ್ಲ. ಎಂಟ್ರಿ ಹಾಕಿದ ಮೇಲೆ ರಾಜೀನಾಮೆ ಬರೆಯಲೂ ಹೊರಟರು. ಇನ್ನು ಮುಂದೆ ಹೀಗಾಗುವುದಿಲ್ಲ ಎಂಬ ಭರವಸೆ ಸಿಕ್ಕಿತು, ಉಳಿದರು. ಅದಾದ ಮೇಲೂ ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಎಂಟ್ರಿಗಳು ನಡೆದವು. 2002ರಲ್ಲಿ ಎಲ್ಲ ಹೊರಬಿತ್ತು. 2005ರಲ್ಲಿ ಅವರಿಗೆ ಐದು ತಿಂಗಳ ಜೈಲು ಶಿಕ್ಷೆಯಾಯಿತು. ಮೇಲಿನವರು ಹೇಳಿದ್ದನ್ನು ಮಾಡಿದೆ ಎಂಬುದು ಅವರನ್ನು ಕಾಪಾಡಲಿಲ್ಲ.

ಕೆಲಸದ ಚಿಂತೆ ಸಣ್ಣದಲ್ಲ. ಇಂಥ ಒತ್ತಡ ಶುರುವಾದ ತಿಂಗಳಿಂದಲೇ ಬೇರೆ ಕಡೆ ಅರ್ಜಿ ಹಾಕುತ್ತಿರಿ, ಕೆಲವು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಳ್ಳಲು ನೋಡಿ. ಇಲ್ಲ ಎನ್ನುವ ಧೈರ್ಯ ಅರ್ಧ ಪಾಲು ಬರುವುದು ಅಲ್ಲಿಂದಲೇ.

ಪ್ರಶ್ನೆ: ಯಂತ್ರ ತಯಾರಿಕೆಯಲ್ಲಿ ಪರೀಕ್ಷಾ ಎಂಜಿನಿಯರ್. ಸುರಕ್ಷತಾ ಸ್ವಿಚ್ಚೊಂದು 40 ಪರೀಕ್ಷೆಗಳಲ್ಲಿ 3 ಸಲ ತಡವಾಗಿ ಕೆಲಸ ಮಾಡಿದೆ. ‘37 ಸಲ ಸರಿಯಾಗಿದೆಯಲ್ಲ, ಅಪಾಯ ಅಂತ ಸಾಬೀತು ಮಾಡಿ ತೋರಿಸಿ, ಇಲ್ಲದಿದ್ದರೆ ಸಹಿ ಹಾಕಿ’ ಎಂದು ಯೋಜನಾ ಮುಖ್ಯಸ್ಥರು ಪಟ್ಟು ಹಿಡಿದಿದ್ದಾರೆ.

ಉತ್ತರ: ಮೊದಲು ಆ ವಾಕ್ಯವನ್ನು ತಿರುಗಿಸಿ ನಿಲ್ಲಿಸಿ. ಸುರಕ್ಷಿತ ಎಂದು ಸಾಬೀತು ಮಾಡಬೇಕಾದದ್ದು ಬಿಡುಗಡೆ ಮಾಡಲು ಹೊರಟವರು. ಅಪಾಯ ಎಂದು ಸಾಬೀತು ಮಾಡುವ ಹೊಣೆ ಪರೀಕ್ಷಕರ ತಲೆ ಮೇಲೆ ಬಂದ ಕ್ಷಣವೇ ಪ್ರಕ್ರಿಯೆ ಕೆಟ್ಟಿತು.

1986ರ ಜನವರಿ 27ರ ರಾತ್ರಿ ಚಾಲೆಂಜರ್ ಗಗನನೌಕೆಯ ವಿಷಯದಲ್ಲಿ ಆದದ್ದು ಇದೇ. ರಾಕೆಟ್‌ನ ಕೀಲುಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಚಳಿಯಲ್ಲಿ ಬಿರುಸಾಗುತ್ತವೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಎಂದು ತಯಾರಕ ಕಂಪನಿಯ ಎಂಜಿನಿಯರುಗಳು ದೂರವಾಣಿ ಸಭೆಯಲ್ಲಿ ಹೇಳಿದರು. ಅವರಲ್ಲೊಬ್ಬರಾದ ರೋಜರ್ ಬೋಯಿಸ್‌ಜೋಲಿ ಆರು ತಿಂಗಳ ಹಿಂದೆಯೇ ಲಿಖಿತ ಎಚ್ಚರಿಕೆ ಕೊಟ್ಟಿದ್ದರು. ನಾಸಾ ಕಡೆಯಿಂದ ಒತ್ತಡ ಬಂತು. ತಯಾರಕ ಕಂಪನಿಯ ಎಂಜಿನಿಯರಿಂಗ್ ಉಪಾಧ್ಯಕ್ಷರಿಗೆ ‘ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ’ ಎಂದು ಅವರ ಮೇಲಿನವರೇ ಹೇಳಿದರು. ಶಿಫಾರಸು ಬದಲಾಯಿತು. ಮರುದಿನ ಬೆಳಗ್ಗೆ ಉಷ್ಣತೆ ಸುಮಾರು 2 ಡಿಗ್ರಿ. ಹಾರಿದ 73 ಸೆಕೆಂಡಿಗೆ ನೌಕೆ ಚೂರಾಯಿತು, ಅದರಲ್ಲಿದ್ದ ಏಳು ಮಂದಿಯೂ ಹೋದರು.

ಈ ಪ್ರಕರಣವನ್ನು ಒಳ್ಳೆಯ ಎಂಜಿನಿಯರ್, ಕೆಟ್ಟ ಮ್ಯಾನೇಜರ್ ಕಥೆಯಾಗಿ ಹೇಳುವುದು ರೂಢಿ. ಪರೀಕ್ಷಕರಿಗೆ ಉಪಯೋಗವಾಗುವ ಪಾಠ ಬೇರೆಡೆ ಇದೆ. ಉಷ್ಣತೆ ಮತ್ತು ಹಾನಿಯ ಸಂಬಂಧ ಚರ್ಚೆಗೆ ಬಂದಾಗ ಉಂಗುರ ಹಾನಿಯಾದ ಹಾರಾಟಗಳನ್ನಷ್ಟೇ ನೋಡಿದ್ದರು, ಹಾನಿಯಾಗದವನ್ನು ಬಿಟ್ಟಿದ್ದರು. ಹಾಗೆ ನೋಡಿದರೆ ಬೆಚ್ಚಗಿದ್ದಾಗಲೂ ಹಾನಿ, ತಣ್ಣಗಿದ್ದಾಗಲೂ ಹಾನಿ, ಸಂಬಂಧವೇ ಇಲ್ಲವೆನಿಸುತ್ತದೆ. ಎಲ್ಲವನ್ನೂ ಸೇರಿಸಿ ತನಿಖಾ ಆಯೋಗ ನೋಡಿದಾಗ ಚಿತ್ರ ಸ್ಪಷ್ಟವಾಗಿತ್ತು: ಸುಮಾರು 19 ಡಿಗ್ರಿ ಮತ್ತು ಮೇಲಿನ 20 ಹಾರಾಟಗಳಲ್ಲಿ ಹಾನಿ ಕಂಡದ್ದು ಮೂರರಲ್ಲಿ, ಅದಕ್ಕಿಂತ ತಣ್ಣಗಿದ್ದ ನಾಲ್ಕರಲ್ಲಿ ನಾಲ್ಕಕ್ಕೂ.

ನಿಮ್ಮ 40 ಪರೀಕ್ಷೆಗಳನ್ನೂ ಹಾಗೆ ಒಂದೇ ಹಾಳೆಗೆ ತನ್ನಿ. ಸೋತ ಮೂರೂ ಒಂದೇ ಬ್ಯಾಚಿನ ಬಿಡಿಭಾಗವೇ, ಒಂದೇ ಉಷ್ಣತೆಯೇ, ಒಂದೇ ವೋಲ್ಟೇಜೇ, ಬಹಳ ಹೊತ್ತು ಓಡಿದ ಮೇಲೆ ಆದವೇ? ಮೂರೂ ಬಿಸಿ ಯಂತ್ರದಲ್ಲೇ ಆಗಿದ್ದು, ಬಿಸಿ ಯಂತ್ರದ ಪರೀಕ್ಷೆ ಒಟ್ಟು ಐದೇ ಆಗಿದ್ದರೆ ನಿಮ್ಮ ಸೋಲು 40ಕ್ಕೆ 3 ಅಲ್ಲ, 5ಕ್ಕೆ 3. ಮ್ಯಾನೇಜರ್ ಎದುರು ಈ ಒಂದು ಸಂಖ್ಯೆ ಹತ್ತು ನೀತಿವಾಕ್ಯಕ್ಕೆ ಸಮ.

ಆಮೇಲೆ ಒಂದು ಪುಟದ ಟಿಪ್ಪಣಿ: ಏನು ಸೋತಿತು, ಯಾವ ಸ್ಥಿತಿಯಲ್ಲಿ, ಎಷ್ಟಕ್ಕೆ ಎಷ್ಟು, ಬಳಸುವವರ ಕೈ ಅಲ್ಲಿದ್ದಾಗ ಹೀಗಾದರೆ ಏನಾಗುತ್ತದೆ, ನಾನು ಯಾವುದಕ್ಕೆ ಸಹಿ ಹಾಕಬಲ್ಲೆ. ಈ ಕೊನೆಯ ಸಾಲನ್ನು ಬಿಡಬೇಡಿ. ‘ಆಗಲ್ಲ’ ಎಂದಷ್ಟೇ ಹೇಳುವವರನ್ನು ಸಭೆ ಬದಿಗೆ ಸರಿಸುತ್ತದೆ. ‘ಸ್ವಿಚ್ ಬದಲಿಸಿ ಬಿಸಿ ಯಂತ್ರದಲ್ಲಿ ಇನ್ನು 60 ಪರೀಕ್ಷೆ ಮಾಡಿ, ಒಂದೂ ಸೋಲದಿದ್ದರೆ ಸಹಿ’ ಎಂದರೆ ಮಾತು ಮುಂದುವರಿಯುತ್ತದೆ. ಆದರೆ 60ಕ್ಕೆ 60 ಗೆದ್ದರೂ ಸೋಲಿನ ಪ್ರಮಾಣ ಸುಮಾರು 20ಕ್ಕೆ 1ಕ್ಕಿಂತ ಹೆಚ್ಚಿರಲಾರದು ಎಂದಷ್ಟೇ ಶೇ 95ರ ಭರವಸೆಯಿಂದ ಹೇಳಬಹುದು. ಕೈ ಬೆರಳು ಕತ್ತರಿಸಬಲ್ಲ ಯಂತ್ರಕ್ಕೆ ಅದು ಸಾಲುವುದಿಲ್ಲ. ಹಾಗಾಗಿ ಕಾರಣ ಹುಡುಕಿ ಸರಿಪಡಿಸದೆ ಬರೀ ಎಣಿಕೆ ಹೆಚ್ಚಿಸುವುದಕ್ಕೆ ಒಪ್ಪಬೇಡಿ.

ಪ್ರಶ್ನೆ: ಸಂಸ್ಥೆಯೊಳಗೆ ಎಲ್ಲರಿಗೂ ಹೇಳಿ ಆಯಿತು, ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಹೊರಗೆ ಹೋಗಿ ಹೇಳುವುದು ಯಾವಾಗ ಕರ್ತವ್ಯವಾಗುತ್ತದೆ?

ಉತ್ತರ: ತತ್ತ್ವಶಾಸ್ತ್ರಜ್ಞ ರಿಚರ್ಡ್ ಡಿ ಜಾರ್ಜ್ ಕೊಟ್ಟ ಐದು ಷರತ್ತುಗಳು ಇಂದಿಗೂ ಒಳ್ಳೆಯ ಅಳತೆಗೋಲು. ಜನರಿಗೆ ಗಂಭೀರ ಹಾನಿಯಾಗುವಂತಿರಬೇಕು. ನೇರ ಮೇಲಧಿಕಾರಿಗೆ ತಿಳಿಸಿರಬೇಕು. ಒಳಗಿನ ದಾರಿಗಳೆಲ್ಲ, ಆಡಳಿತ ಮಂಡಳಿವರೆಗೂ, ಮುಗಿದಿರಬೇಕು. ಈ ಮೂರಿದ್ದರೆ ಹೊರಗೆ ಹೇಳುವುದು ತಪ್ಪಲ್ಲ. ಇದರ ಮೇಲೆ, ಪಕ್ಷಪಾತವಿಲ್ಲದವರನ್ನೂ ಒಪ್ಪಿಸುವ ದಾಖಲೆ ಕೈಯಲ್ಲಿದ್ದು, ಹೇಳಿದರೆ ಹಾನಿ ತಪ್ಪುತ್ತದೆ ಎಂದು ನಂಬಲು ಕಾರಣವೂ ಇದ್ದರೆ ಆಗ ಅದು ಕರ್ತವ್ಯ.

ಇದರಲ್ಲಿ ಮೂರನೆಯದರ ಬಗ್ಗೆ ನಮಗೆ ತಕರಾರಿದೆ. ನಾಳೆಯೇ ಹಾನಿಯಾಗುವಂತಿದ್ದರೆ, ಅಥವಾ ಒಳಗೆ ಹೇಳಿದರೆ ದಾಖಲೆ ಮಾಯವಾಗುವಂತಿದ್ದರೆ, ಮೆಟ್ಟಿಲು ಒಂದೊಂದಾಗಿ ಹತ್ತುತ್ತ ಕೂರಲಾಗುವುದಿಲ್ಲ.

ಹೊರಗೆ ಎಂದರೆ ಮೊದಲು ಪತ್ರಿಕೆಯಲ್ಲ, ಸಾಮಾಜಿಕ ಜಾಲತಾಣವಂತೂ ಅಲ್ಲ. ಆ ಕ್ಷೇತ್ರದ ನಿಯಂತ್ರಣ ಸಂಸ್ಥೆ ಮೊದಲು. ದೂರುದಾರರಿಗೆ ಕಾನೂನಿನ ರಕ್ಷಣೆ ಇದ್ದರೂ ಅದು ಸಾಮಾನ್ಯವಾಗಿ ನಿರ್ದಿಷ್ಟ ಪ್ರಾಧಿಕಾರಕ್ಕೆ, ನಿರ್ದಿಷ್ಟ ರೀತಿಯಲ್ಲಿ ಹೇಳಿದವರಿಗೆ ಮಾತ್ರ. ಆದ್ದರಿಂದ ಬಾಯಿ ಬಿಡುವ ಮೊದಲು ವಕೀಲರನ್ನು ನೋಡಿ. ನಿಮ್ಮ ಕೆಲಸಕ್ಕೆ ಸಂಬಂಧಿಸದ ಫೋಲ್ಡರ್ ಜಾಲಾಡಿ ದಾಖಲೆ ಹೊತ್ತೊಯ್ಯಬೇಡಿ. ವಿಷಯ ಬಿಟ್ಟು ನಿಮ್ಮ ಕಳ್ಳತನವೇ ಚರ್ಚೆಯಾಗುತ್ತದೆ. ನೀವೇ ಕಂಡದ್ದನ್ನು, ಕೇಳಿದ್ದನ್ನು ದಿನಾಂಕ, ಹೊತ್ತು, ಹಾಜರಿದ್ದವರ ಸಮೇತ ಅಂದಂದೇ ಬರೆದಿಡಿ. ಕಂಡದ್ದು ಒಂದು ಕಡೆ, ಊಹಿಸಿದ್ದು ಇನ್ನೊಂದು ಕಡೆ.

ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮನೆಯವರ ಜೊತೆ ಮೊದಲೇ ಮಾತಾಡಿ. ಚಾಲೆಂಜರ್ ತನಿಖೆಯಲ್ಲಿ ಸತ್ಯ ಹೇಳಿದ ಬೋಯಿಸ್‌ಜೋಲಿ ಸಹೋದ್ಯೋಗಿಗಳ ನಡುವೆ ಒಂಟಿಯಾದರು, ಕೊನೆಗೆ ಆ ಕಂಪನಿಯನ್ನೇ ಬಿಟ್ಟರು.

ಪ್ರಶ್ನೆ: ಖರೀದಿ ವಿಭಾಗದಲ್ಲಿದ್ದೇನೆ. ಸರಬರಾಜುದಾರರು ಕೊಡುವ ಸಣ್ಣಪುಟ್ಟ ಉಡುಗೊರೆಯನ್ನು ‘ಬಂದಿದೆ’ ಎಂದು ಎಲ್ಲರಿಗೂ ಹೇಳಿಯೇ ಇಟ್ಟುಕೊಂಡರೆ ಸಾಕಲ್ಲವೇ?

ಉತ್ತರ: ಸಾಲದು. 2005ರಲ್ಲಿ ಡೇಲಿಯನ್ ಕೇನ್, ಜಾರ್ಜ್ ಲೋವೆನ್‌ಸ್ಟೈನ್, ಡಾನ್ ಮೂರ್ ಪ್ರಕಟಿಸಿದ ಪ್ರಯೋಗ ನೋಡಿ. ಜಾಡಿಯಲ್ಲಿರುವ ನಾಣ್ಯಗಳ ಮೊತ್ತ ಎಷ್ಟು ಎಂದು ಕೆಲವರು ಅಂದಾಜು ಮಾಡಬೇಕು. ಜಾಡಿಯನ್ನು ಹತ್ತಿರದಿಂದ ನೋಡಿದ ಸಲಹೆಗಾರರು ಅವರಿಗೆ ಸಲಹೆ ಕೊಡುತ್ತಾರೆ. ಅಂದಾಜು ಹೆಚ್ಚಾದಷ್ಟೂ ಸಲಹೆಗಾರರಿಗೆ ಲಾಭ. ಈ ಲಾಭದ ವಿಷಯ ಬಹಿರಂಗಪಡಿಸಿದಾಗ ಸಲಹೆಗಾರರು ಇನ್ನೂ ಉಬ್ಬಿಸಿ ಹೇಳಿದರು. ಹೇಳಿಯಾಯಿತಲ್ಲ, ಇನ್ನು ಹುಷಾರಾಗಿರುವುದು ಅವರ ಪಾಡು ಎಂಬ ಭಾವ. ಕೇಳಿಸಿಕೊಂಡವರು ಅಷ್ಟರ ಮಟ್ಟಿಗೆ ಕಳೆದು ನೋಡಲಿಲ್ಲ. ಬಹಿರಂಗಪಡಿಸುವುದು ಬೇಕು, ಆದರೆ ಅದರಿಂದ ಹಂಗು ಹರಿಯುವುದಿಲ್ಲ.

ಬೆಲೆಗಿಂತ ಹೊತ್ತು ಮುಖ್ಯ. ಟೆಂಡರ್ ತೆರೆದಿರುವಾಗ, ಒಪ್ಪಂದ ನವೀಕರಿಸುವಾಗ, ಸರಕು ತಿರಸ್ಕರಿಸುವ ಮಾತು ನಡೆಯುತ್ತಿರುವಾಗ ಪೆನ್ನೂ ಬೇಡ. ಬೇರೆ ಹೊತ್ತಿನಲ್ಲಿ ಸಂಸ್ಥೆಯ ನಿಯಮದ ಮಿತಿಯೊಳಗಿದ್ದರೆ ರಿಜಿಸ್ಟರ್‌ನಲ್ಲಿ ಬರೆದು ಎಲ್ಲರ ಬಳಕೆಗೆ ಇಡಿ. ಮನೆಗೆ ಬಂದದ್ದನ್ನು ಒಂದು ಸಾಲಿನ ಪತ್ರದೊಂದಿಗೆ ಹಿಂತಿರುಗಿಸಿ, ಪ್ರತಿ ಇಟ್ಟುಕೊಳ್ಳಿ. ಸರಬರಾಜುದಾರರು ಹತ್ತಿರದ ಸಂಬಂಧಿಯೇ ಆಗಿದ್ದರೆ ಉಡುಗೊರೆ ಬಿಡುವುದರಿಂದ ಏನೂ ಆಗದು. ಆ ಕಡತದಿಂದಲೇ ಹಿಂದೆ ಸರಿಯಿರಿ, ಅಂಕ ಕೊಡುವ ಸಭೆಯಲ್ಲೂ ಕೂರಬೇಡಿ.

ಪ್ರಶ್ನೆ: ಆಸ್ಪತ್ರೆಯಲ್ಲಿ ನರ್ಸ್. ಸಹೋದ್ಯೋಗಿಯೊಬ್ಬರು ರಾತ್ರಿ ಪಾಳಿಯಲ್ಲಿ ಒಬ್ಬ ರೋಗಿಗೆ ಔಷಧ ಎರಡು ಪಟ್ಟು ಕೊಟ್ಟುಬಿಟ್ಟರು. ರೋಗಿಗೆ ಏನೂ ಆಗಲಿಲ್ಲ. ಒಳ್ಳೆಯ ಹುಡುಗಿ, ‘ಅಕ್ಕಾ, ದಯವಿಟ್ಟು ಯಾರಿಗೂ ಹೇಳಬೇಡಿ’ ಎಂದು ಅಳುತ್ತಾಳೆ. ಏನೂ ಆಗದಿರುವಾಗ ಹೇಳಲೇಬೇಕೇ?

ಉತ್ತರ: ಹೇಳಬೇಕು, ಮತ್ತು ಬೇಗ. ‘ಏನೂ ಆಗಲಿಲ್ಲ’ ಎಂದು ತೀರ್ಮಾನಿಸಲು ನಿಮ್ಮಿಬ್ಬರಿಗೆ ಆಗದು. ಕೆಲವು ಔಷಧಗಳ ಪರಿಣಾಮ ಗಂಟೆಗಳ ನಂತರ ಬರುತ್ತದೆ. ಮುಂದಿನ ಡೋಸ್ ಬರೆಯುವ ವೈದ್ಯರಿಗೆ ವಿಷಯ ಗೊತ್ತಿರದಿದ್ದರೆ ತಪ್ಪಿನ ಮೇಲೆ ತಪ್ಪು ಕೂರುತ್ತದೆ.

ಕ್ರಮ ಹೀಗಿರಲಿ. ಮೊದಲು ರೋಗಿ: ನಾಡಿ, ರಕ್ತದೊತ್ತಡ, ಉಸಿರಾಟ, ಪ್ರಜ್ಞೆ, ಔಷಧಕ್ಕೆ ತಕ್ಕಂತೆ ಸಕ್ಕರೆ ಪ್ರಮಾಣ. ಕೂಡಲೇ ಪಾಳಿಯ ವೈದ್ಯರಿಗೆ ಔಷಧದ ಹೆಸರು, ಬರೆದಿದ್ದ ಪ್ರಮಾಣ, ಕೊಟ್ಟ ಪ್ರಮಾಣ, ಕೊಟ್ಟ ಹೊತ್ತು ತಿಳಿಸಿ. ಸಿರಿಂಜ್, ಬಾಟಲಿ, ಲೇಬಲ್ ಎಸೆಯಬೇಡಿ. ದಾಖಲೆಯಲ್ಲಿ ಆದದ್ದನ್ನಷ್ಟೇ ಬರೆಯಿರಿ, ‘ಅಜಾಗರೂಕತೆಯಿಂದ’ ಎಂಬಂಥ ತೀರ್ಪು ಬೇಡ. ಹಳೆಯ ನಮೂದನ್ನು ತಿದ್ದಿ ಅಳಿಸಲೇಬೇಡಿ. ಔಷಧದ ತಪ್ಪನ್ನು ಕ್ಷಮಿಸುವ ವ್ಯವಸ್ಥೆ ದಾಖಲೆ ತಿದ್ದಿದ್ದನ್ನು ಕ್ಷಮಿಸುವುದಿಲ್ಲ. ರೋಗಿಗೆ ಚಿಕಿತ್ಸೆಯ ಹೊಣೆ ಹೊತ್ತ ವೈದ್ಯರೇ ಹೇಳಬೇಕು: ಏನಾಯಿತು, ಅದಕ್ಕೆ ಕ್ಷಮೆ, ಈಗ ಏನು ನೋಡುತ್ತಿದ್ದೇವೆ, ಮತ್ತೆ ಆಗದಂತೆ ಏನು ಮಾಡುತ್ತೇವೆ, ಮುಂದೆ ಯಾರನ್ನು ಕೇಳಬಹುದು. ‘ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ’ ಎಂಬುದು ಕ್ಷಮೆಯಲ್ಲ.

ಆ ಹುಡುಗಿಯ ಪಾಲಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅವಳೇ ಹೋಗಿ ಹೇಳುವಂತೆ ಮಾಡಿ, ಜೊತೆಗೆ ಹೋಗಿ ನಿಲ್ಲುವುದು. ‘ಇನ್ನು ಹತ್ತು ನಿಮಿಷದಲ್ಲಿ ಇಬ್ಬರೂ ಹೋಗೋಣ, ನೀನು ಬರದಿದ್ದರೂ ನಾನು ಹೋಗ್ತೀನಿ’ ಎಂದು ನೇರವಾಗಿ ಹೇಳಿ.

ಮೇಲಿನವರು ಕೇಳಬೇಕಾದ ಪ್ರಶ್ನೆಯೂ ಇದೆ: ಅವಳ ಜಾಗದಲ್ಲಿ, ಅದೇ ತರಬೇತಿಯ ಇನ್ನೊಬ್ಬರು, ಅದೇ ದಣಿವಿನಲ್ಲಿದ್ದಿದ್ದರೆ ಇದೇ ತಪ್ಪು ಮಾಡುತ್ತಿದ್ದರೇ? ಹೌದಾದರೆ ದೋಷ ವ್ಯವಸ್ಥೆಯದ್ದು, ಶಿಕ್ಷೆಯಿಂದ ಅದು ಹೋಗದು. ಕೈಬರಹದ ಚೀಟಿಯನ್ನೇ ನೋಡಿ. ಇನ್ಸುಲಿನ್ 10 ಯೂನಿಟ್ ಎಂಬುದನ್ನು ಸಂಖ್ಯೆಗೆ ಅಂಟಿಸಿ ‘ಯು’ ಎಂಬ ಇಂಗ್ಲಿಷ್ ಅಕ್ಷರ ಹಾಕಿ ಬರೆದರೆ ಆ ಅಕ್ಷರ ಸೊನ್ನೆಯಂತೆ ಕಂಡು 100 ಆಗುತ್ತದೆ. 5.0 ಎಂದು ಬರೆದಾಗ ಚುಕ್ಕಿ ಕಾಣದೆ 50 ಆಗುತ್ತದೆ. ಬರೀ .5 ಎಂದರೆ 5 ಆಗುತ್ತದೆ. ಪೂರ್ಣಸಂಖ್ಯೆಯ ನಂತರ ಚುಕ್ಕಿ ಸೊನ್ನೆ ಬೇಡ, ಒಂದಕ್ಕಿಂತ ಕಡಿಮೆಯಿದ್ದರೆ 0.5 ಎಂದು ಸೊನ್ನೆ ಬೇಕು, ಯೂನಿಟ್ ಎಂಬುದನ್ನು ಪೂರ್ತಿ ಬರೆಯಬೇಕು. ಈ ನಿಯಮಗಳು ಹುಟ್ಟಿದ್ದೇ ಇಂಥ ತಪ್ಪುಗಳನ್ನು ಯಾರೋ ಮುಚ್ಚಿಡದೆ ಹೇಳಿದ್ದರಿಂದ.

ಪ್ರಶ್ನೆ: ಆಪ್ತಸಮಾಲೋಚಕಿಯಾಗಿ ಹೊಸದಾಗಿ ಕೆಲಸ ಶುರುಮಾಡಿದ್ದೇನೆ. ಬಂದವರು ಯಾರನ್ನೋ ‘ಮುಗಿಸಿಬಿಡ್ತೀನಿ’ ಎಂದರೆ ಗೋಪ್ಯತೆ ಕಾಪಾಡಬೇಕೇ, ಮುರಿಯಬೇಕೇ?

ಉತ್ತರ: ಸಿಟ್ಟಿನ ಮಾತಿಗೂ ಯೋಜನೆಗೂ ಇರುವ ವ್ಯತ್ಯಾಸ ಕೇಳಿಯೇ ತಿಳಿಯಬೇಕು. ಯಾರನ್ನು ಎಂದು ಗುರುತಿಸುತ್ತಾರೆಯೇ? ಹೇಗೆ, ಯಾವಾಗ ಎಂದು ಯೋಚಿಸಿದ್ದಾರೆಯೇ? ಆಯುಧ ಕೈಗೆಟುಕುವಂತಿದೆಯೇ? ಹಿಂದೆ ಕೈಮಾಡಿದ್ದುಂಟೇ? ಕುಡಿತವಿದೆಯೇ? ತಡೆಯುವಂಥದ್ದು, ಮಕ್ಕಳೋ ಭಯವೋ, ಏನಾದರೂ ಇದೆಯೇ? ಕೇಳಿದರೆ ಕೆರಳುತ್ತಾರೆ ಎಂದು ಹೊಸಬರು ಹೆದರುತ್ತಾರೆ. ಶಾಂತವಾಗಿ ಕೇಳಿದಾಗ ಹೆಚ್ಚಿನವರು ಹೇಳಿಕೊಂಡು ಹಗುರಾಗುತ್ತಾರೆ.

ವ್ಯಕ್ತಿ, ಯೋಜನೆ, ಸಾಧನ ಮೂರೂ ಸ್ಪಷ್ಟವಿದ್ದರೆ ಗೋಪ್ಯತೆ ಅಲ್ಲಿಗೆ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1976ರ ಟಾರಸಾಫ್ ತೀರ್ಪಿನಲ್ಲಿ ಹೇಳಿದ್ದು ಇದನ್ನೇ. ಯುವತಿಯೊಬ್ಬಳನ್ನು ಕೊಲ್ಲುವುದಾಗಿ ರೋಗಿಯೊಬ್ಬ ಹೇಳಿದ್ದ ಆ ಪ್ರಕರಣದಲ್ಲಿ ಚಿಕಿತ್ಸಕರು ಸುಮ್ಮನಿರಲಿಲ್ಲ, ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದ್ದರು. ಪೊಲೀಸರು ವಿಚಾರಿಸಿ ಬಿಟ್ಟರು. ಕೊಲೆಯಾದ ಯುವತಿಗೆ ಮಾತ್ರ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ಹೊಣೆ ಇರುವುದು ಅಪಾಯದಲ್ಲಿರುವವರನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳುವುದಕ್ಕೆ. ಒಂದು ಫೋನ್ ಮಾಡಿ ಕೈತೊಳೆದುಕೊಂಡರೆ ಅದು ತೀರುವುದಿಲ್ಲ. ಈ ವಿಷಯದಲ್ಲಿ ಕಾನೂನು ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿ ಏನಿದೆ ಎಂದು ಮೊದಲ ಗ್ರಾಹಕರು ಬರುವ ಮುಂಚೆಯೇ ತಿಳಿದಿಟ್ಟುಕೊಳ್ಳಿ.

ಸಾಧ್ಯವಿದ್ದರೆ ಅವರು ಎದುರಿಗಿರುವಾಗಲೇ ಹಿರಿಯ ಮೇಲ್ವಿಚಾರಕರಿಗೆ ಕರೆ ಮಾಡಿ. ಹೇಳಬೇಕಾದಷ್ಟನ್ನೇ ಹೇಳಿ: ಬೆದರಿಕೆ, ಯಾರಿಗೆ, ಯಾವಾಗ. ಬಾಲ್ಯದ ಕಥೆ, ದಾಂಪತ್ಯದ ವಿವರ ಪೊಲೀಸರಿಗೆ ಬೇಕಿಲ್ಲ. ಅಪಾಯ ಹೆಚ್ಚುವುದಿಲ್ಲ ಎಂದಾದರೆ ನೀವು ಏನು ಮಾಡುತ್ತಿದ್ದೀರಿ ಎಂದು ಅವರಿಗೂ ತಿಳಿಸಿ. ಇಷ್ಟೆಲ್ಲ ಸುಸೂತ್ರವಾಗಬೇಕಾದರೆ ಮೊದಲ ಭೇಟಿಯಲ್ಲೇ, ಕಾಗದದಲ್ಲೂ ಬಾಯಲ್ಲೂ, ‘ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ, ಆದರೆ ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವೆನಿಸಿದರೆ ಇರುವುದಿಲ್ಲ’ ಎಂದು ಹೇಳಿರಬೇಕು.

ಪ್ರಶ್ನೆ: ಸಂಶೋಧನಾ ಲೇಖನದಲ್ಲಿ ವಿಭಾಗದ ಮುಖ್ಯಸ್ಥರ ಹೆಸರು ಸೇರಿಸುವುದು ವಾಡಿಕೆ, ಅವರು ಒಂದು ಸಾಲೂ ಓದಿಲ್ಲ. ಹೇಗೆ ಬೇಡವೆನ್ನಲಿ?

ಉತ್ತರ: ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ, ನಾಲ್ಕೂ ಬೇಕು: ಕಲ್ಪನೆ, ವಿನ್ಯಾಸ, ದತ್ತಾಂಶ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ವಿಮರ್ಶಾತ್ಮಕ ತಿದ್ದುಪಡಿ, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ಹಣ ತಂದುಕೊಟ್ಟಿದ್ದು, ಪ್ರಯೋಗಾಲಯ ಬಿಟ್ಟುಕೊಟ್ಟಿದ್ದು ಕೃತಜ್ಞತೆಯ ಸಾಲಿಗೆ ಸೇರುತ್ತವೆ. ಬೇಡವೆನ್ನುವ ಬದಲು ಕರಡು ಕಳಿಸಿ, ‘ಪತ್ರಿಕೆಯವರು ಪ್ರತಿ ಲೇಖಕರ ಪಾಲನ್ನು ಬರೆಯಲು ಕೇಳುತ್ತಾರೆ, ತಮ್ಮ ತಿದ್ದುಪಡಿ ಮತ್ತು ತಮ್ಮ ಪಾಲಿನ ಸಾಲನ್ನು ದಯವಿಟ್ಟು ಕಳಿಸಿ ಸರ್’ ಎಂದು ಬರೆಯಿರಿ. ಒಂದೋ ಅವರು ಓದಿ ನಿಜವಾಗಿ ತಿದ್ದುತ್ತಾರೆ, ಇಲ್ಲವೇ ಹಿಂದೆ ಸರಿಯುತ್ತಾರೆ. ಎರಡೂ ಆಗದೆ ಹೆಸರಿಗಾಗಿ ಒತ್ತಾಯಿಸಿದರೆ ಸಂಸ್ಥೆಯ ಸಂಶೋಧನಾ ನೀತಿ ಸಮಿತಿಗೆ ಒಯ್ಯಬಹುದು. ವಿದ್ಯಾರ್ಥಿಯಾಗಿದ್ದರೆ ಅದಕ್ಕೆ ಮೊದಲು ಇನ್ನೊಬ್ಬ ಹಿರಿಯ ಪ್ರಾಧ್ಯಾಪಕರ ಬೆಂಬಲ ಪಡೆಯಿರಿ. ಮುಂದಿನ ಯೋಜನೆಯಲ್ಲಿ ದತ್ತಾಂಶ ಸಂಗ್ರಹಿಸುವ ಮೊದಲೇ ಹೆಸರು, ಅನುಕ್ರಮ ಬರೆದಿಡಿ.

ಪ್ರಶ್ನೆ: ನಾಳೆ ಪತ್ರಿಕೆಯ ಮುಖಪುಟದಲ್ಲಿ ಬಂದರೆ ಪರವಾಗಿಲ್ಲವೇ ಎಂದು ಕೇಳಿಕೊಂಡರೆ ಸಾಕು ಎನ್ನುತ್ತಾರೆ. ನಿರ್ಧಾರಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರವಿದೆಯೇ?

ಉತ್ತರ: ಆ ಸೂತ್ರ ಅಳೆಯುವುದು ನಾಚಿಕೆಯನ್ನು. ನಾಚಿಕೆಗೂ ತಪ್ಪಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ಕಠಿಣ ಆದರೆ ನ್ಯಾಯವಾದ ತೀರ್ಮಾನ ಮುಖಪುಟದಲ್ಲಿ ಕೆಟ್ಟದಾಗಿ ಕಾಣಬಹುದು. ಎಲ್ಲರೂ ಮಾಡುವ ಅನ್ಯಾಯ ಸುದ್ದಿಯೇ ಆಗದಿರಬಹುದು.

ಇದಕ್ಕಿಂತ ಉಪಯುಕ್ತವಾದದ್ದು ಒಂದು ಖಾಲಿ ಹಾಳೆ. ಈ ನಿರ್ಧಾರ ಯಾರ ಯಾರನ್ನು ತಟ್ಟುತ್ತದೆ ಎಂದು ಬರೆದು, ಅವರಲ್ಲಿ ಸಭೆಯಲ್ಲಿ ಬಾಯಿಲ್ಲದವರು ಯಾರು ಎಂದು ಗುರುತು ಹಾಕಿ. ಸಾಮಾನ್ಯವಾಗಿ ಅನ್ಯಾಯವಾಗುವುದು ಅವರಿಗೇ. ಮುಂದೆ, ಯಾವುದು ಗೊತ್ತು, ಯಾವುದು ಊಹೆ, ಊಹೆಯನ್ನು ಒಂದು ಫೋನ್‌ನಿಂದ ತಿಳಿಯಬಹುದೇ? ಕೈಯಲ್ಲಿ ಎರಡೇ ದಾರಿಯಿದೆ ಎನಿಸಿದರೆ ಮೂರನೆಯದನ್ನು ಹುಡುಕುವವರೆಗೆ ಏಳಬೇಡಿ. ಕರ್ತವ್ಯ ಮುಖ್ಯ ಎನ್ನುವ ಕಾಂಟ್, ಪರಿಣಾಮ ಮುಖ್ಯ ಎನ್ನುವ ಮಿಲ್, ಈ ಇಬ್ಬರು ತತ್ತ್ವಶಾಸ್ತ್ರಜ್ಞರ ದಾರಿಯಲ್ಲೂ ಯೋಚಿಸಿ ಒಂದೇ ಉತ್ತರ ಬಂದರೆ ನೆಮ್ಮದಿ. ಬೇರೆ ಬಂದರೆ, ಹಿಂತೆಗೆದುಕೊಳ್ಳಲಾಗದ ಹಾನಿ ಯಾವುದರಲ್ಲಿದೆಯೋ ಅದನ್ನು ಬಿಡುವುದು ನಮ್ಮ ಸಲಹೆ.

ಪ್ರಶ್ನೆ: ಕಾನೂನು ಸಲಹಾ ಕಚೇರಿಯಲ್ಲಿದ್ದೇನೆ. ಕೃತಕ ಬುದ್ಧಿಮತ್ತೆಯ ಸಾಧನದಿಂದ ಕರಡು ಬರೆಸುವುದು ವೃತ್ತಿಧರ್ಮಕ್ಕೆ ವಿರುದ್ಧವೇ?

ಉತ್ತರ: ಬರೆಸುವುದು ತಪ್ಪಲ್ಲ, ಓದದೆ ಸಹಿ ಹಾಕುವುದು ತಪ್ಪು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಸಾಧನವು ಕಟ್ಟಿಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು. ಅವರಲ್ಲೊಬ್ಬರು ಈ ತೀರ್ಪುಗಳು ನಿಜವೇ ಎಂದು ವಿಚಾರಿಸಿದ್ದೂ ಉಂಟು, ಆದರೆ ಅದೇ ಸಾಧನವನ್ನು. ನಿಜ ಎಂದು ಅದು ಹೇಳಿತು. ಪ್ರಶ್ನೆ ಎದ್ದ ಮೇಲೂ ತಕ್ಷಣ ಒಪ್ಪಿಕೊಳ್ಳದೆ ಸಮರ್ಥಿಸಿಕೊಳ್ಳಲು ಹೋದದ್ದು ಇನ್ನಷ್ಟು ಮುಳುವಾಯಿತು.

ಕರಡಿನ ಪ್ರತಿ ಉಲ್ಲೇಖವನ್ನೂ ಮೂಲ ತೀರ್ಪು ತೆರೆದು ನೋಡಿ: ಪ್ರಕರಣ ಇದೆಯೇ, ಉದ್ಧರಿಸಿದ ಸಾಲು ಆ ಪುಟದಲ್ಲಿದೆಯೇ, ಅದು ಬಹುಮತದ ತೀರ್ಪಿನದ್ದೋ ಭಿನ್ನಮತದ್ದೋ, ಮುಂದೆ ಅದು ರದ್ದಾಗಿದೆಯೇ. ಕೊನೆಯ ಎರಡನ್ನು ಅನುಭವಿಗಳೂ ತಪ್ಪಿಸುತ್ತಾರೆ. ಇನ್ನು ಕಕ್ಷಿದಾರರ ಹೆಸರು, ವಿಳಾಸ, ಒಪ್ಪಂದದ ಮೊತ್ತವನ್ನು ಸಾರ್ವಜನಿಕ ಸಾಧನಕ್ಕೆ ಹಾಕುವುದು ಅಪರಿಚಿತರ ಮುಂದೆ ಕಡತ ಬಿಚ್ಚಿದಂತೆ. ಹೆಸರು ತೆಗೆದರೆ ಸಾಕು ಎಂದುಕೊಳ್ಳಬೇಡಿ. ಊರು, ಉದ್ಯಮ, ತಾರೀಖು ಮೂರು ಸೇರಿದರೂ ಯಾರೆಂದು ತಿಳಿಯುತ್ತದೆ. ಕಚೇರಿಯು ಹಣ ಕೊಟ್ಟು ಪಡೆದ ಸಾಧನವಾದರೆ ನಮೂದಿಸಿದ ಮಾಹಿತಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ತರಬೇತಿಗೆ ಬಳಸುತ್ತಾರೆಯೇ ಎಂಬುದನ್ನು ಒಪ್ಪಂದದಲ್ಲಿ ಓದಿ, ಕಕ್ಷಿದಾರರ ಒಪ್ಪಿಗೆಯನ್ನು ವಕಾಲತ್ತು ಪಡೆಯುವಾಗಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮೂರು ಗಂಟೆಯ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿದಿದ್ದರೆ ಬಿಲ್ಲಿನಲ್ಲಿ ಮೂರು ಗಂಟೆ ಬರೆಯುವಂತಿಲ್ಲ.